ಹೊರಗಿನ ಮರ

ಮೂರು ವರ್ಷದಿಂದ ಅವಳು ಭಾವನ ಮನೆಯ ಮೆಟ್ಟಿಲು ತುಳಿದಿರಲಿಲ್ಲ. ಇವತ್ತು ಹಿತ್ತಿಲ ಹೊರಗಿನ ಮರ ಕಡಿಯಬೇಕೆಂದು ಅವನೇ ಹೇಳಿ ಕಳಿಸಿದ್ದಕ್ಕೆ ಯಂತ್ರದ ಗರಗಸ ಹೆಗಲಿಗೇರಿಸಿಕೊಂಡು ಬಂದಿದ್ದಳು.

ಭಾವ ಮರ ಕಡಿಸುವ ಗುತ್ತಿಗೆಯವನು, ಎಂದೂ ಹತ್ತಿದವನಲ್ಲ. ಹತ್ತುತ್ತಿದ್ದವನು ಅವನ ತಮ್ಮ, ಇವಳ ಗಂಡ. ಒಂದು ದಿನ ಆಳು ಬರಲಿಲ್ಲವೆಂದು ಭಾವನೇ ಕೆಳಗೆ ಹಗ್ಗ ಹಿಡಿದು ನಿಂತ. ಫೋನು ಬಂತೆಂದು ಕೈಬಿಟ್ಟ. ತಮ್ಮ ಬಿದ್ದು ಸೊಂಟ ಮುರಿದುಕೊಂಡು ಮಂಚ ಹಿಡಿದ. 'ಕುಡಿದು ಹತ್ತಿದ್ದ' ಎಂದು ಭಾವ ಹೇಳಿದ್ದೇ ವೇದವಾಕ್ಯವಾಯಿತು. ಒಂದು ಹನಿ ಮುಟ್ಟದವನಿಗೆ ಕುಡುಕನೆಂಬ ಹೆಸರು. ಅಂದಿನಿಂದ ಹೆಂಡತಿ ಮರ ಹತ್ತತೊಡಗಿದಳು.

ಮನೆಯ ಹಿಂದೆ, ಗಾಳಿ ಬರುವ ಕಡೆ, ಮೂರು ಮರ ಒಂದರ ಹಿಂದೊಂದು ನಿಂತಿದ್ದವು.

"ಹೊರಗಿಂದು ಕಡಿ," ಎಂದ ಭಾವ. "ಅದರ ಎಲೆ ಬಿದ್ದೂ ಬಿದ್ದೂ ಸೂರಿನ ಕೊಳವೆ ಕಟ್ಟಿಕೊಳ್ಳುತ್ತೆ. ಹಗ್ಗ ನಾನು ಹಿಡೀಲಾ?"

"ಬೇಡಿ ಭಾವ. ನೀವು ಹಿಡಿಯೋ ಚಂದ ಒಂದ್ಸಲ ನೋಡಿದ್ದೇ ಸಾಕು."

ಹತ್ತಿ, ಸೊಂಟದ ಹಗ್ಗವನ್ನು ಕಾಂಡಕ್ಕೆ ಎರಡು ಸುತ್ತು ಬಿಗಿದಳು. ಇಷ್ಟು ವರ್ಷ ಗಾಳಿಗೆ ಎದೆಗೊಟ್ಟು ನಿಂತದ್ದು ಈ ಮರ. ಇದರ ಮರೆಯಲ್ಲಿ ಬೆಳೆದ ಇನ್ನೆರಡಕ್ಕೆ ಎತ್ತರವಿತ್ತು, ಬುಡದಲ್ಲಿ ಬಲವಿರಲಿಲ್ಲ; ಇದರ ಬೇರಿಗೆ ಬೇರು ಹೆಣೆದುಕೊಂಡು ನಿಂತಿದ್ದವು. ಇದು ಹೋದರೆ ಮೊದಲ ದೊಡ್ಡ ಗಾಳಿಗೆ ಅವೆರಡೂ ಭಾವನ ಮಲಗುವ ಕೋಣೆಯ ಮೇಲೆ. ಅದಕ್ಕೇ ಅವಳು ಬಂದದ್ದು. ತುಟಿ ಬಿಚ್ಚದೆ ಹೇಳಿದ ಕೆಲಸ ಮಾಡಿ ಹೋದರಾಯಿತು, ಮಿಕ್ಕದ್ದನ್ನು ಗಾಳಿ ನೋಡಿಕೊಳ್ಳುತ್ತದೆ.

ಅಷ್ಟರಲ್ಲಿ ಓರಗಿತ್ತಿ ಹಿತ್ತಿಲ ಬಾಗಿಲಿಗೆ ಬಂದಳು. ಗಂಡನ ಕಣ್ಣು ತಪ್ಪಿಸಿ ಆಸ್ಪತ್ರೆಗೆ ಬಂದು ಮೈದುನನಿಗೆ ತುತ್ತು ತಿನ್ನಿಸಿದವಳು.

"ಉಳಿದವೆರಡು ನಿಲ್ತಾವೇನೇ?"

ಆ ಕೋಣೆಯಲ್ಲಿ ಓರಗಿತ್ತಿಯೂ ಮಲಗುತ್ತಾಳೆ. ಗರಗಸದ ಗುಂಡಿಯ ಮೇಲಿದ್ದ ಬೆರಳು ಸರಿಯಿತು.

"ನಿಲ್ಲಲ್ಲ ಅಕ್ಕಾ. ಇದರ ಆಸರೆ ತಪ್ಪಿದ್ರೆ ಎರಡೂ ನಿಮ್ಮ ಸೂರಿನ ಮೇಲೇನೇ."

ಭಾವ ನಕ್ಕ. "ನೋಡಿದ್ಯಾ, ಕೆಲಸಗಳ್ಳಿ ಮರದ ಪುರಾಣ ಹೇಳ್ತಾಳೆ!"

"ಕೆಲಸ ಬಿಡಲ್ಲ ಭಾವ. ಮೂರರ ತಲೇನೂ ಸವರಿ ಕೊಡ್ತೀನಿ, ಎಲೆ ಕಾಟ ತಪ್ಪುತ್ತೆ, ಮರಾನೂ ಉಳಿಯುತ್ತೆ. ಕೂಲಿ ಬೇಡ. ಅವತ್ತು ಹಗ್ಗ ಬಿಟ್ಟೋರು ಯಾರು ಅಂತ ಅಕ್ಕನ ಮುಂದೆ ಒಂದೇ ಒಂದ್ಸಲ ಹೇಳಿಬಿಡಿ."

ಹಿತ್ತಿಲಾಚೆಯ ಬೀದಿಯಲ್ಲಿ ಹೋಗುತ್ತಿದ್ದ ಇಬ್ಬರು ನಿಂತರು. ಓರಗಿತ್ತಿ ಗಂಡನ ಮುಖವನ್ನೇ ನೋಡಿದಳು.

"ಹೇಳ್ರೀ."

ಭಾವನ ಕುತ್ತಿಗೆಯ ನರ ಉಬ್ಬಿತು. "ನನ್ನ ಮನೆ, ನನ್ನ ಮರ! ಕಡಿ ಅಂದ್ರೆ ಕಡಿ!"

ಓರಗಿತ್ತಿಗೆ ಅಷ್ಟೇ ಸಾಕಾಯಿತು. ಒಳಗೆ ಹೋದಳು.

ಗರಗಸ ಗುರ್ರೆಂದಿತು. ಅವಳು ಅವಸರ ಮಾಡಲಿಲ್ಲ. ಒಂದೊಂದು ಕೊಂಬೆ ಬಿದ್ದಾಗಲೂ ಭಾವ ಒಂದೊಂದು ಹೆಜ್ಜೆ ಹಿಂದೆ ಸರಿಯುತ್ತಿದ್ದ. ಅದನ್ನು ಅವಳು ಹಬ್ಬದೂಟದಂತೆ ಸವಿದಳು. ಅರ್ಧ ಮರ ನೆಲ ಕಂಡಾಗ ಓರಗಿತ್ತಿ ಸುರುಳಿ ಸುತ್ತಿದ ಹಾಸಿಗೆಯನ್ನು ತಲೆಯ ಮೇಲಿಟ್ಟುಕೊಂಡು ಹೊರಬಂದಳು.

"ಎಲ್ಲಿಗೇ ಹೊರಟೆ?" ಭಾವನ ದನಿ ಒಡೆಯಿತು.

"ಮೈದುನನ ಮನೆಗೆ. ಇಲ್ಲಿ ಮಲಗೋಕೆ ನನಗೆ ಭಯ."

ಮೇಲಿದ್ದವಳು ಗರಗಸ ನಿಲ್ಲಿಸಿ ಕೂಗಿದಳು: "ಅಕ್ಕಾ, ಬಾಗಿಲು ಸುಮ್ಮನೆ ತಳ್ಳಿ, ಚಿಲಕ ಹಾಕಿಲ್ಲ!"

ಆಮೇಲೆ ಕಾಂಡದ ಕಡೆ ತಿರುಗಿದಳು. ಇನ್ನೂ ಎರಡಾಳುದ್ದ ಉಳಿದಿತ್ತು.