ಐದನೆಯ ಸರ್ವರ್

ಆ ಬೆಳಗ್ಗೆ ವಸಂತದ ಗಾಳಿ ಹೊತ್ತು ತಂದ ಹಳದಿ ಧೂಳು ದೇಜಾನ್ ಪಟ್ಟಣವನ್ನೆಲ್ಲ ಮುಸುಕಿ, ಹಗಲೋ ಸಂಜೆಯೋ ತಿಳಿಯದಂತಾಗಿತ್ತು. ಆಸ್ಪತ್ರೆಯ ಶೋಕಮಂದಿರದಲ್ಲಿ ಪ್ಯೊ ಮಿರಾನ್, ತೀರಿಹೋದ ತನ್ನ ಮೇಲಧಿಕಾರಿ ಎಮ್ ಗಿಚೊಲರ ಭಾವಚಿತ್ರಕ್ಕೆ ಎರಡನೆಯ ಸಲ ಅಡ್ಡಬಿದ್ದು ಏಳುತ್ತಿದ್ದಳು. ಇನ್ನೊಂದು ಗಂಟೆಗೆ ಶವಪೆಟ್ಟಿಗೆ ಹೊರಡಬೇಕು.

"ನಿಮ್ಮ ಆಫೀಸಲ್ಲಿ ನನ್ ತಮ್ಮ ಏನ್ ಕೆಲಸ ಮಾಡ್ತಿದ್ದ?" ಸತ್ತವರ ಅಕ್ಕ ಅವಳನ್ನು ಪಕ್ಕದ ಊಟದ ಕೋಣೆಯಲ್ಲಿ ಕೂರಿಸಿ, ಖಾರದ ಸಾರಿನ ಬಟ್ಟಲು ಇಡುತ್ತ ಕೇಳಿದಳು. "ಇಪ್ಪತ್ತು ವರ್ಷ ಕೇಳ್ದೆ, ತಲೆಗೇ ಹೋಗ್ಲಿಲ್ಲ."

"ಬಸ್ ಟಿಕೆಟ್ ಮಾರೋ ಹನ್ನೆರಡು ಸರ್ವರ್ ಅಕ್ಕಾ. ಯಾವ ಸೀಟು ಹೋಯ್ತು ಅಂತ ಒಂದಕ್ಕೊಂದು ಹೇಳ್ಕೋತಾನೇ ಇರ್ಬೇಕು. ಆ ಮಾತಿಗೆ ಎಷ್ಟು ಮೆಮೊರಿ ಎತ್ತಿಡ್ಬೇಕು ಅಂತ ಸಾರ್ ಅಳೆಯೋರು."

"ಯಂತ್ರಗಳ ಮಾತಿಗೆ ಜಾಗ ಮಾಡ್ಕೊಟ್ಟ, ಮನೇಲಿ ಮಾತ್ರ ಬಾಯೇ ಬಿಡ್ಲಿಲ್ಲ!"

ಎಮ್ ಅವರ ಹೆಂಡತಿ ನಗಲಿಲ್ಲ. "ಮಿರಾನ್, ಆ ವರ್ಷ ಸುಗ್ಗಿಹಬ್ಬದಲ್ಲಿ ಇವ್ರು ಏನ್ ತಪ್ಪು ಮಾಡಿದ್ರು? ಬಡ್ತಿ ನಿಂತ್ಹೋಯ್ತು. ಕೇಳಿದ್ರೆ, ಏನೋ ಮರೆತೆ ಅಂದ್ರು. ಮರೆಯೋ ಮನುಷ್ಯನೇ ಅಲ್ಲ."

ಎದುರಿಗೆ ಕಂಪನಿಯ ನಿರ್ದೇಶಕ ಕು ತಲೆ ತಗ್ಗಿಸಿ ಉಣ್ಣುತ್ತಿದ್ದರು.

* * *

ಮೂರು ವರ್ಷದ ಹಿಂದೆ, ಸುಗ್ಗಿಹಬ್ಬದ ಟಿಕೆಟ್ ಮಾರಾಟ ತೆರೆಯುವ ಮುನ್ನಾದಿನ, ಐದನೆಯ ಸರ್ವರ್ ತಡವರಿಸುತ್ತಿತ್ತು. ಮಿರಾನ್ ಅದೊಂದಕ್ಕೇ ಮಾತಿನ ಮೆಮೊರಿಯನ್ನು ಇಮ್ಮಡಿ ಮಾಡಿದಳು. ಒಂದರ ಅಳತೆ ಬದಲಿಸಿದರೆ ಹನ್ನೆರಡಕ್ಕೂ ಬದಲಿಸಬೇಕೆಂಬುದು ಅಲ್ಲಿಯ ಮೊದಲ ಪಾಠ; ಅದನ್ನವಳು ಮರೆತಳು. ಮರುದಿನ ಐದನೆಯದು ಸುದ್ದಿಯ ದೊಡ್ಡ ದೊಡ್ಡ ಮೂಟೆ ಕಳಿಸಿತು. ಉಳಿದವುಗಳ ಬಾಗಿಲಲ್ಲಿ ಅವು ಹಿಡಿಯಲಿಲ್ಲ. ಸುದ್ದಿ ತಲುಪದೆ ಒಂದೇ ಸೀಟು ಮೂವರಿಗೆ ಮಾರಿಹೋಯಿತು.

"ಸಾರ್, ನಾನೇ..."

"ನಿನ್ ಕೆಲಸ ಇನ್ನೂ ಕಾಯಂ ಆಗಿಲ್ಲ. ಹೋಗು, ಊಟ ಮಾಡು," ಎಂದು ಎಮ್ ತಪ್ಪೊಪ್ಪಿಗೆ ಪತ್ರವನ್ನು ತಮ್ಮ ಹೆಸರಲ್ಲೇ ಬರೆದರು. ಯಾಕೆಂದು ಅವಳಿಗೆ ಇಂದಿಗೂ ಬಗೆಹರಿದಿರಲಿಲ್ಲ. ಕೆಲವರ ಮನಸ್ಸನ್ನು ಮಾಡಿದ ದೇವರೇ ಬಲ್ಲ.

* * *

"ಹೊರಡೋ ಹೊತ್ತಲ್ಲಿ ಅದೆಲ್ಲ ಯಾಕಮ್ಮಾ?" ಎಂದು ಕು ಎಮ್ ಅವರ ಹೆಂಡತಿಗೆ ಹೇಳಿದರು.

ಹೇಳಿದರೆ ಕೆಲಸ ಹೋಗಬಹುದು. ಹೇಳದಿದ್ದರೆ ಏನಾಗುತ್ತದೆಂದು ಮಿರಾನ್‌ಗೆ ತಿಳಿಯಲಿಲ್ಲ. ಕಾಲುಗಳು ಮಾತ್ರ ಎದ್ದವು. ಬಂದವರ ಹೆಸರು ಬರೆಸುವ ಮೇಜಿನಿಂದ ಹಾಳೆಯನ್ನೂ ಶಾಯಿಡಬ್ಬಿಯನ್ನೂ ಕೇಳಿ ಪಡೆದು, ನಿಂತಲ್ಲೇ ನಾಲ್ಕು ಸಾಲಿನ ತಪ್ಪೊಪ್ಪಿಗೆ ಬರೆದು, ಕೆಳಗೆ ತನ್ನ ಹೆಸರಿಟ್ಟು, ಅಲ್ಲಿಯ ರೂಢಿಯಂತೆ ಅದರ ಮೇಲೆ ಕೆಂಪು ಶಾಯಿಯ ಹೆಬ್ಬೆಟ್ಟು ಒತ್ತಿದಳು. ಕು ನೋಡುತ್ತಿರುವಂತೆಯೇ, ಮಂಡಿಯೂರಿ, ಎರಡೂ ಕೈಯಲ್ಲಿ ಹಿಡಿದು ಎಮ್ ಅವರ ಹೆಂಡತಿಗೆ ಕೊಟ್ಟಳು.

ಆಕೆ ಅಂತ್ಯಯಾತ್ರೆಗೆಂದು ತೊಟ್ಟಿದ್ದ ಬಿಳಿ ಗವಸಿನ ಬೆರಳನ್ನು ಸಾಲುಗಳ ಮೇಲೆ ಆಡಿಸಿದಳು. ಸರ್ವರ್, ಮೆಮೊರಿ ಎಲ್ಲ ದಾಟಿ ಬೆರಳು ಕೊನೆಯ ಹೆಸರಿನ ಮೇಲೆ ನಿಂತಿತು. ಹೆಬ್ಬೆಟ್ಟಿನ ಶಾಯಿ ಇನ್ನೂ ಆರಿರಲಿಲ್ಲ. ಗವಸಿನ ತುದಿ ಮೆಲ್ಲಗೆ ಕೆಂಪಾಯಿತು.