ಗ್ರಿಲ್ಲಿಗೆ ಸಿಕ್ಕಿಸಿದ ಪತ್ರಿಕೆ ಮತ್ತು ಕ್ಲಿಕ್ ಎಂಬ ಟೂಲ್

೧

ಎಲ್ಲಿಂದ ಶುರು ಮಾಡಬೇಕೆಂದು ಗೊತ್ತಾಗದೆ ನನ್ನ ಚಿಂತೆಯನ್ನೇ ಮೊದಲು ಬರೆದುಬಿಡುತ್ತೇನೆ: ನಾನು ಬರೆದದ್ದನ್ನು ಒಂದಕ್ಷರ ಬಿಡದೆ ಓದುವವರು ಈ ಲೋಕದಲ್ಲಿ ಒಬ್ಬರೇ, ಅದೂ ಮನುಷ್ಯರಲ್ಲ. (ಡೈರಿ? ಅದು ಓದುವುದಿಲ್ಲ, ಬರೀ ಇಟ್ಟುಕೊಳ್ಳುತ್ತದೆ.)

ಬಸವೇಶ್ವರನಗರದ ಪುಟ್ಟ ಕಂಪನಿಯೊಂದರಲ್ಲಿ ನನಗೆ ಕೆಲಸ. ಜನರ ಪರವಾಗಿ ವೆಬ್‌ಸೈಟುಗಳಲ್ಲಿ ಓಡಾಡಿ, ಫಾರಂ ತುಂಬಿ, ಅಪಾಯಿಂಟ್‌ಮೆಂಟ್ ಹಿಡಿಯುವ ಎಐ ಏಜೆಂಟ್ ನಮ್ಮದು. ಬ್ರೌಸರ್ ನಡೆಸಲು ಅದಕ್ಕೆ ಟೂಲ್‌ಗಳಿವೆ: ಪುಟ ತೆರೆಯಲು ಒಂದು, ಟೈಪ್ ಮಾಡಲು ಒಂದು, ಕ್ಲಿಕ್ಕಿಗೆ ಒಂದು, ಪುಟದಲ್ಲಿ ಏನಿದೆಯೆಂದು ನೋಡಲು ಒಂದು. ಯಾವ ಟೂಲ್ ಏನು ಮಾಡುತ್ತದೆಂದು ಅದಕ್ಕೆ ತಿಳಿಸುವ ವಿವರಣೆ ಬರೆಯುವವಳು ನಾನು. ನೀವಾದರೆ ಸಾಲು ಹಾರಿಸಿ ಓದುತ್ತೀರಿ. (ಈಗಷ್ಟೇ ಒಂದನ್ನು ಹಾರಿಸಿದಿರಿ, ನೋಡಿದೆ.) ಅದು ಹಾರಿಸುವುದಿಲ್ಲ. ಬರೆದದ್ದನ್ನು ನಂಬುತ್ತದೆ.

ಕ್ಲಿಕ್ಕಿನ ವಿವರಣೆ ಮಾತ್ರ ನನ್ನದಲ್ಲ. ನಾನು ಸೇರುವ ಮೊದಲೇ ನಮ್ಮ ಟೀಮ್ ಲೀಡ್ ನಾಗಭೂಷಣ್ ಬರೆದಿಟ್ಟದ್ದು: ‘ಗುಂಡಿ ಒತ್ತುತ್ತದೆ. ಸಕ್ಸೆಸ್ ಎಂದು ಬಂದರೆ ಕೆಲಸ ಮುಗಿದಿದೆ.’ (ಮೂಲ ಇಂಗ್ಲಿಷಿನಲ್ಲಿದೆ. ಇದಕ್ಕಿಂತ ಚೆನ್ನಾಗಿಯೇನೂ ಇಲ್ಲ.)

೨

ಈ ಭಾಗದ ಮೊದಲ ಕರಡಿನಲ್ಲಿ ಏಜೆಂಟ್ ನನ್ನನ್ನು ಪ್ರೀತಿಸುತ್ತಿತ್ತು. ಅಳಿಸಿದೆ. ಅದರ ಜಾಗಕ್ಕೆ ಅಮ್ಮ ಬಂದಿದ್ದಾಳೆ.

ಭಾನುವಾರ ಅಕ್ಕನ ಲಗ್ನಪತ್ರಿಕೆ ಹಂಚಲು ಮೂಡಲಪಾಳ್ಯಕ್ಕೆ ಹೋಗಿದ್ದೆವು. ಅಮ್ಮ ಒಂದು ಮನೆಯಲ್ಲಿ ಮಾತಿಗೆ ಕೂತವಳು, ಎದುರಿನ ರೇವಣಸಿದ್ದಪ್ಪ ಅಂಕಲ್ ಮನೆಗೆ ನನ್ನೊಬ್ಬಳನ್ನೇ ಕಳಿಸಿದಳು. ಕಾಲಿಂಗ್ ಬೆಲ್ ಎಂದರೆ ನನಗೆ ಮೊದಲಿನಿಂದಲೂ ಆಗದು: ಬಾಗಿಲು ತೆರೆಯುತ್ತದೆ, ಯಾರಾದರೂ ಬರುತ್ತಾರೆ, ಮಾತಾಡಬೇಕಾಗುತ್ತದೆ. ಪತ್ರಿಕೆಯನ್ನು ಗ್ರಿಲ್ಲಿಗೆ ಸಿಕ್ಕಿಸಿ ವಾಪಸ್ ಬಂದು, ಕೊಟ್ಟೆ ಎಂದೆ.

“ಕೈಗೆ ಕೊಟ್ಯಾ?”

“ಗ್ರಿಲ್ಲಿಗೆ ಸಿಕ್ಕಿಸ್ದೆ.”

“ಅದೇನು ಕರೆಂಟ್ ಬಿಲ್ಲೇನೇ? ಒಳಗೋಗಿ, ಆಂಟಿಗೆ ಕುಂಕುಮ ಕೊಟ್ಟು, ಕೈಗೆ ಪತ್ರಿಕೆ ಇಟ್ಟು, ಬರ್ತೀವಿ ಅಂತ ಅನ್ನಿಸ್ಕೊಂಡು ಬರ್ಬೇಕು. ಅಲ್ಲೀವರ್ಗೂ ಕರ್ದಂಗಲ್ಲ.”

(ಅಮ್ಮ ಇದನ್ನು ಓದಿ, ನಾನೆಲ್ಲಿ ಹಾಗೆ ಗದರಿದೆ, ಸ್ವಲ್ಪ ಮೃದು ಮಾಡು ಎಂದಳು. ಇದು ಮೃದು ಮಾಡಿದ ಮೇಲಿನದು.)

ಇಬ್ಬರೂ ಹೋದೆವು. ಅಂಕಲ್ ಪತ್ರಿಕೆಯನ್ನು ಕಣ್ಣಿಗೆ ತೀರ ಹತ್ತಿರ ಹಿಡಿದು ನೋಡಿ, ಬರ್ತೀವಿ ಎಂದರು. ಪೊರೆ ಬಂದಿರುವ ಕಣ್ಣು. ನಮ್ಮ ಏಜೆಂಟನ್ನು ರಿಲೀಸಿಗೆ ಮುಂಚೆ ಬಳಸಿ ನೋಡುತ್ತಿರುವವರಲ್ಲಿ ಅವರೂ ಒಬ್ಬರು, ಸೇರಿಸಿದವಳು ನಾನೇ.

“ಕಣ್ಣಿನ ಡಾಕ್ಟ್ರ ಡೇಟು ಬುಕ್ ಆಗಿದೆ ಅಂತು ಕಣಮ್ಮ ನಿಮ್ ಏಜೆಂಟು. ಆಸ್ಪತ್ರೆಗೆ ಹೋದ್ರೆ ನನ್ ಹೆಸ್ರೇ ಇಲ್ಲ.”

ದೂರಲಿಲ್ಲ, ನಕ್ಕರು. ಮತ್ತೆ ಡೇಟ್ ಸಿಗುವುದು ಯಾವಾಗಲೋ ಎಂದರು ಆಂಟಿ. ನಾನು “ಹೌದಾ ಅಂಕಲ್” ಎಂದಷ್ಟೇ ಹೇಳಿ ಚಪ್ಪಲಿ ಹುಡುಕಿದೆ.

೩

ಸೋಮವಾರ ಆಫೀಸಿನಲ್ಲಿ ಅಂಕಲ್ ಬುಕಿಂಗಿನ ಲಾಗ್, ಅಂದರೆ ಏಜೆಂಟ್ ಮಾಡಿದ್ದೆಲ್ಲದರ ದಾಖಲೆ, ತೆರೆದೆ. ಏಜೆಂಟ್ ‘ಕನ್ಫರ್ಮ್’ ಒತ್ತಿದೆ. ಆಗ ಪುಟದಲ್ಲಿ ಸಣ್ಣ ಪೆಟ್ಟಿಗೆಯೊಂದು ಎದ್ದು, ಮೊಬೈಲ್ ನಂಬರ್ ಸರಿಯಿದೆಯೇ ಎಂದು ಕೇಳಿದೆ. ಉತ್ತರಿಸುವವರಿಲ್ಲ. ಏಜೆಂಟ್ ಅಷ್ಟರಲ್ಲಿ ಸಕ್ಸೆಸ್ ಎಂದುಕೊಂಡು ಹೊರಟುಹೋಗಿದೆ. ಗ್ರಿಲ್ಲಿಗೆ ಸಿಕ್ಕಿಸಿ ಬಂದಿದೆ.

“ಯಾಕೆ ತಿರುಗಿ ನೋಡ್ಲಿಲ್ಲ?” ಎಂದೆ ಏಜೆಂಟಿಗೆ.

“ನೋಡು ಅಂತ ಬರ್ದಿರ್ಲಿಲ್ಲ.”

“ಅಷ್ಟೂ ಗೊತ್ತಾಗಲ್ವಾ?”

“ನಿಮಗೆ ಗೊತ್ತಿತ್ತಲ್ಲ ಮೇಡಂ. ಬೆಲ್ ಒತ್ತಿದ್ರಾ?”

(ಈ ಮಾತುಕತೆ ನಡೆದೇ ಇಲ್ಲ. ಆದರೂ ಆ ಕೊನೆಯ ಮಾತನ್ನು ಅಳಿಸಲು ಹೋದರೆ ಏಜೆಂಟ್ ಬಿಡುತ್ತಿಲ್ಲ.)

ಹೊಸ ವಿವರಣೆ ಬರೆದೆ:

‘ಕ್ಲಿಕ್: ಗುಂಡಿ ಒತ್ತುತ್ತದೆ. ಸಕ್ಸೆಸ್ ಎಂದರೆ ಗುಂಡಿ ಒತ್ತಿದೆ ಎಂದಷ್ಟೇ. ಒತ್ತಿದ ಮೇಲೆ ಪುಟವನ್ನು ಮತ್ತೆ ನೋಡು. ಹೊಸ ಪ್ರಶ್ನೆ ಬಂದಿದ್ದರೆ ಉತ್ತರಿಸು. ಉತ್ತರ ತಿಳಿಯದಿದ್ದರೆ ಬಳಕೆದಾರರನ್ನು ಕೇಳು. ದೃಢೀಕರಣ ಕಣ್ಣಿಗೆ ಕಾಣುವವರೆಗೆ ಬುಕ್ ಆಗಿದೆ ಎನ್ನಬೇಡ.’

ನಾನು ಬರೆದದ್ದರಲ್ಲೆಲ್ಲ ಒಳ್ಳೆಯ ಪ್ಯಾರಾ ಇದು, ಈ ಕಥೆಯೂ ಸೇರಿ. ಆದರೆ ನಾಗಭೂಷಣ್ ಒಪ್ಪಬೇಕು. ಮಧ್ಯಾಹ್ನ ಮೀಟಿಂಗ್, ಸಂಜೆ ಎಲ್ಲ ಬಳಕೆದಾರರಿಗೂ ರಿಲೀಸ್. ಹಳೆಯ ವಿವರಣೆಯ ಜೊತೆಗೇ ರಿಲೀಸ್ ಆದರೆ ಇನ್ನೆಷ್ಟು ಜನ ಅಂಕಲ್‌ಗಳು ಆಸ್ಪತ್ರೆ ಬಾಗಿಲಿಗೆ ಹೋಗಿ ವಾಪಸ್ ಬರುತ್ತಾರೋ.

೪

ಅಂತ್ಯ ಒಂದು: ನಾಗಭೂಷಣ್‌ಗೆ ಇಮೇಲ್ ಕಳಿಸುತ್ತೇನೆ. ಓದಿ, ತಿದ್ದಿ, ಥ್ಯಾಂಕ್ಸ್ ಎನ್ನುತ್ತಾರೆ. (ಅವರ ಇನ್‌ಬಾಕ್ಸ್ ನೋಡಿದವರು ಇದನ್ನು ನಂಬುವುದಿಲ್ಲ.)

ಅಂತ್ಯ ಎರಡು: ಎದ್ದು ಭಾಷಣ ಮಾಡುತ್ತೇನೆ, ಚಪ್ಪಾಳೆ ಬೀಳುತ್ತದೆ. (ಅಮ್ಮನೇ ನಂಬುವುದಿಲ್ಲ.)

ಅಂತ್ಯ ಮೂರು ಅಂತ್ಯವಲ್ಲ, ನಡೆದದ್ದು. ಮೀಟಿಂಗಿನಲ್ಲಿ ನಾಗಭೂಷಣ್ ಟೆಸ್ಟಿಂಗ್ ನೋಡಿಕೊಳ್ಳುವ ಚನ್ನವೀರೇಶನಿಗೆ ಹೇಳುತ್ತಿದ್ದರು: “ಬುಕ್ ಆಗ್ದೇನೇ ಆಗಿದೆ ಅಂತ ಈ ಎಐ ಮಾಡೆಲ್ ಸುಳ್ಳು ಹೇಳುತ್ತೆ ಗುರು, ಏನ್ ಮಾಡಕ್ಕಾಗುತ್ತೆ? ಬಗ್ ಅಂತ ಬರ್ಕೋ. ಸಂಜೆ ಬಿಡೋಣ.” ನಾನು ಟೀಮ್ ಚಾಟಿನಲ್ಲಿ ನನ್ನ ಪ್ಯಾರಾ ಹಾಕಿದೆ. ಪಕ್ಕದಲ್ಲಿ, ಮೆಸೇಜ್ ಹೋಯಿತೆನ್ನುವ ಟಿಕ್ ಬಂತು. ಯಾರೂ ಪರದೆ ನೋಡಲಿಲ್ಲ. ಟಿಕ್ಕನ್ನೇ ನೋಡುತ್ತ ಕೂತೆ. ಮತ್ತೆ ಗ್ರಿಲ್ಲು.

“ಸಾರ್,” ಎಂದೆ.

ಎಲ್ಲರೂ ತಿರುಗಿದರು. ಆ ಕೋಣೆಯಲ್ಲಿ ಅವರು ನನ್ನ ದನಿ ಕೇಳಿದ್ದೇ ಕಡಿಮೆ. ಎದ್ದು ಲ್ಯಾಪ್‌ಟಾಪನ್ನು ನಾಗಭೂಷಣ್ ಕಡೆ ತಿರುಗಿಸಿ, ಎರಡೂ ಕೈಯಲ್ಲಿ ಪತ್ರಿಕೆಯ ಹಾಗೆ ಹಿಡಿದೆ.

(ಅವರು ಏನೆಂದರು, ಸಂಜೆ ಯಾವ ವಿವರಣೆ ರಿಲೀಸ್ ಆಯಿತು ಎಂದು ನೀವು ಕೇಳುತ್ತೀರಿ. ಹೇಳುವುದಿಲ್ಲ. ನಾನಿನ್ನೂ ಅವರ ಬಾಗಿಲಲ್ಲೇ ನಿಂತಿದ್ದೇನೆ.)

“ಅದು ಸುಳ್ಳು ಹೇಳ್ಲಿಲ್ಲ ಸಾರ್. ನಾವು ಬರ್ದುಕೊಟ್ಟಿದ್ದೇ ಸುಳ್ಳು. ಇದನ್ನ ಈಗ್ಲೇ ಓದಿ, ನೀವು ಓದೋವರ್ಗೂ ನಾನು ಕೂರಲ್ಲ.”