ಬಸ್ಸಿನ ಸಾಲಿಗೆ ಒಂದೇ ಗೀಟು

ಪ್ರಿಂಟರಿನಿಂದ ಹೊರಬಂದ ಕಾಗದವನ್ನು ಮುತ್ತರಾಯಪ್ಪ ಎಳೆದುಕೊಂಡ ರಭಸಕ್ಕೆ, ಅಂಚಿನ ತೂತುಗಳ ಪಟ್ಟಿ ಅರ್ಧ ಅಲ್ಲೇ ಸಿಕ್ಕಿಕೊಂಡು ಉಳಿಯಿತು. ಟ್ರೈನಿಗಳಲ್ಲಿ ಯಾರನ್ನು ಕಾಯಂ ಮಾಡಬೇಕು, ಯಾರನ್ನು ಮನೆಗೆ ಕಳಿಸಬೇಕು ಎಂದು ನೋಡುವ ಹಾಜರಿಯ ಕಾಗದ ಅದು. ಉದ್ದನಪಲ್ಲಿ ಬಸ್ಸಿನಲ್ಲಿ ಬರುವ ಅಷ್ಟೂ ಹೆಸರಿನ ಮುಂದೆ ಒಂದೇ ಮಾತು ಅಚ್ಚಾಗಿತ್ತು: ಲೇಟು, ಲೇಟು, ಲೇಟು. ಅದರ ನಡುವೆ ಅವನ ಅಕ್ಕ ಕನಕಮ್ಮನ ಹೆಸರು.

ಅಕ್ಕ ಗಂಡನ ಮನೆ ಬಿಟ್ಟು ರಾಯಕೋಟೆಯಿಂದ ಉದ್ದನಪಲ್ಲಿಗೆ ಬಂದಾಗ ಒಂದು ಟ್ರಂಕು ಬಿಟ್ಟರೆ ಏನೂ ತಂದಿರಲಿಲ್ಲ. ಹೊಸೂರಿನ ಈ ಬಿಡಿಭಾಗದ ಫ್ಯಾಕ್ಟರಿಯಲ್ಲಿ ಟ್ರೈನಿಯಾಗಿ ಸೇರಿ, ಬೆಂಚಿನ ಮುಂದೆ ಕೂತು ಗೇಜು ಹಿಡಿದು ಒಂದೊಂದೇ ಸಾಮಾನು ಪರೀಕ್ಷೆ ಮಾಡುತ್ತ ತನ್ನ ಕಾಲ ಮೇಲೆ ನಿಂತಿದ್ದಳು. ಶನಿವಾರ ಕಾಗದ ಮ್ಯಾನೇಜರ್ ಟೇಬಲ್ಲಿಗೆ ಹೋಗುತ್ತದೆ. ಲೇಟು ಜಾಸ್ತಿ ಇದ್ದವರಿಗೆ ಕಾಯಂ ಇಲ್ಲ, ಟ್ರೈನಿಂಗೂ ಮುಗಿಯಿತು. ಆಮೇಲೆ ಅವಳು ರಾಯಕೋಟೆಗೇ ಹೋಗಿ ಆ ಬಾಗಿಲು ತಟ್ಟಬೇಕು.

ಬಸ್ಸು ಲೇಟಾಗುವುದು ಯಾರಿಗೆ ಗೊತ್ತಿರಲಿಲ್ಲ? ಬೆಳಗಿನ ಮೊದಲ ಬಸ್ಸಿಗೆ ದಾರಿಯುದ್ದಕ್ಕೂ ಹೂವಿನ ಮಂಕರಿ, ಟೊಮೇಟೋ ಬುಟ್ಟಿ ಏರಬೇಕು. ಬುಟ್ಟಿಗಳನ್ನೆಲ್ಲ ಮೇಲೆ ಹಗ್ಗ ಹಾಕಿ ಬಿಗಿಯುವವರೆಗೆ ಡ್ರೈವರ್ ಬೀಡಿ ಹಚ್ಚಿಕೊಂಡು ಕೂರುತ್ತಾನೆ. ಒಳಗೆ ಫ್ಯಾಕ್ಟರಿ ಹೆಂಗಸರು ಬಾಯಿ ಬಡಿದುಕೊಂಡರೂ ಅವನಿಗೆ ಮಾರ್ಕೆಟ್ಟೇ ಮುಖ್ಯ. ಆದರೆ ಕಂಪ್ಯೂಟರ್ ಬರುವ ಮುಂಚೆ ಇದರಿಂದ ಯಾರ ತಲೆಯೂ ಹೋಗುತ್ತಿರಲಿಲ್ಲ. ಗೇಟಿನ ಪಾಪಯ್ಯ ಬಸ್ಸು ತಡವಾದ ದಿನ ಹಾಜರಿ ಕಾರ್ಡಿನ ಮೇಲೆ ನೀಲಿ ಪೆನ್ಸಿಲಿನಲ್ಲಿ ಒಂದು ಗೀಟು ಎಳೆಯುತ್ತಿದ್ದ. ಲೆಕ್ಕದ ಗುಮಾಸ್ತರು ಗೀಟು ನೋಡಿ ಸುಮ್ಮನಾಗುತ್ತಿದ್ದರು. ಈಗ ಕಾರ್ಡಿನಲ್ಲಿ ಗಡಿಯಾರ ಒತ್ತಿದ ಹೊತ್ತನ್ನು ಮಾತ್ರ ಮುತ್ತರಾಯಪ್ಪ ಕಂಪ್ಯೂಟರಿಗೆ ಹೊಡೆಯಬೇಕು. ಪಾಪಯ್ಯ ಈಗಲೂ ಗೀಟು ಎಳೆಯುತ್ತಿದ್ದ, ಅದನ್ನು ಹೊಡೆಯಲು ಮಾತ್ರ ಜಾಗವೇ ಇರಲಿಲ್ಲ.

ಅವನು ಕಾಗದ ಹಿಡಿದುಕೊಂಡು ನೇರವಾಗಿ ಸಿಬ್ಬಂದಿ ನೋಡಿಕೊಳ್ಳುವ ಪರ್ಸನೆಲ್ ಆಫೀಸರ್ ಅಶ್ವತ್ಥಪ್ಪನವರ ರೂಮಿಗೆ ನುಗ್ಗಿದ.

"ಸಾರ್, ಇದೇನ್ ಸಾರ್ ಇದು? ಬಸ್ ಲೇಟಾದ್ರೆ ಇವ್ರೇನ್ ಸಾರ್ ಮಾಡ್ತಾರೆ? ಬಸ್ಸ ತಳ್ಕೊಂಡ್ ಬರಬೇಕಾ?"

"ಬಾಗಿಲು ತಟ್ಟಿ ಬಾ ಮೊದ್ಲು," ಅಂದರು ಅಶ್ವತ್ಥಪ್ಪ. ಅವರೂ ಇದೇ ಸೀಮೆಯವರೇ, ಕೃಷ್ಣಗಿರಿಯಲ್ಲಿ ಬಿ.ಎ. ಓದಿದವರು. "ಕಂಪ್ಯೂಟರ್‌ಗೆ ಅಕ್ಕ ತಂಗಿ ಅಂತ ಇಲ್ಲಪ್ಪ. ಎಲ್ರಿಗೂ ಒಂದೇ. ಹೋದ್ಸಲ ನೀನು ಅದ್ರ ಹೊಟ್ಟೆಗೆ ಕೈ ಹಾಕಿ ಏನಾಯ್ತು? ಮರ್ತ್ಬುಟ್ಟಾ?"

ಮರೆಯುವುದು ಎಲ್ಲಿಂದ ಬಂತು? ಒಂಬತ್ತನೇ ಕ್ಲಾಸಿಗೆ ಸ್ಕೂಲು ಬಿಟ್ಟು, ಬಸ್ ಸ್ಟ್ಯಾಂಡ್ ಹತ್ತಿರದ ಇನ್‌ಸ್ಟಿಟ್ಯೂಟಿನಲ್ಲಿ ಟೈಪಿಂಗ್ ಕಲಿತು ಕಂಪ್ಯೂಟರಿನ ತಣ್ಣನೆಯ ರೂಮಿಗೆ ಬಂದವನು ಅವನು. ಹೋದ ತಿಂಗಳು ಸಿಟ್ಟು ತಡೆಯದೆ ಮದರಾಸಿನವರು ಬರೆದ ಪ್ರೋಗ್ರಾಮನ್ನೇ ತೆರೆದು, ಲೇಟಿಗೆ ಕೊಟ್ಟಿದ್ದ ಹತ್ತು ನಿಮಿಷದ ರಿಯಾಯಿತಿಯನ್ನು ಮೂವತ್ತು ಮಾಡಿಬಿಟ್ಟಿದ್ದ. ಅದೇ ಹತ್ತು ಓಟಿಯ, ಅಂದರೆ ಹೆಚ್ಚುವರಿ ಕೆಲಸದ ಲೆಕ್ಕದಲ್ಲೂ ಕೂತಿದೆಯೆಂದು ಅವನಿಗೇನು ಗೊತ್ತು? ಇಡೀ ಫ್ಯಾಕ್ಟರಿಯ ಓಟಿ ತಲೆಕೆಳಗಾಯಿತು. ಮೆಷಿನ್ ಶಾಪಿನವರು ಕಂಪ್ಯೂಟರ್ ರೂಮಿನ ಗಾಜಿಗೆ ಮೂಗು ಒತ್ತಿ ನಿಂತು ಬೈದರು.

ಆಗ ಮದರಾಸಿನಿಂದ ಬಂದವರು ಎಂಜಿನಿಯರ್ ಇಳಂಗೋವನ್. ರೇಗುತ್ತಾರೆಂದು ಮುತ್ತರಾಯಪ್ಪ ಹಲ್ಲು ಕಚ್ಚಿ ತಯಾರಾಗಿ ನಿಂತಿದ್ದ. ಆತ ರೇಗಲಿಲ್ಲ. ಮೂಲ ಟೇಪು ಹಾಕಿ ಪ್ರೋಗ್ರಾಮನ್ನು ಮೊದಲಿದ್ದ ಹಾಗೆ ಕೂರಿಸಿ, ತಮಿಳಿನಲ್ಲಿ, "ತಂಬಿ, ನಿನಗೆ ಏನು ಬೇಕಾಗಿತ್ತು?" ಎಂದು ಕೇಳಿದರು. ಬಸ್ಸು, ಬುಟ್ಟಿ, ಗೀಟು ಎಲ್ಲ ಕೇಳಿಸಿಕೊಂಡರು.

"ನೀನು ಗೋಡೆ ಒಡೆದೆ," ಎಂದರು. "ನಾಳೆ ನಾವು ಹೊಸ ಟೇಪು ಕಳಿಸಿದರೆ ಹೊಸ ಗೋಡೆ ಬರುತ್ತೆ, ನೀನು ಒಡೆದದ್ದು ಮುಚ್ಚಿಹೋಗುತ್ತೆ. ಗೋಡೆ ಒಡೆದುಕೊಂಡೇ ಇದ್ದರೆ ರಿಪೇರಿಗೆ ನಾವೂ ಬರೋದಿಲ್ಲ. ಆದರೆ ನಿಮಗೆ ಬೇಕಾದದ್ದನ್ನು ಇಟ್ಟುಕೊಳ್ಳೋಕೆ ಅಂತಲೇ ನಾವು ಗೂಡು ಬಿಟ್ಟಿದ್ದೇವೆ. ಅಲ್ಲಿಟ್ಟದ್ದನ್ನು ಯಾವ ಟೇಪೂ ಮುಟ್ಟೋದಿಲ್ಲ."

ದಪ್ಪ ಪುಸ್ತಕ ತೆರೆದು ತೋರಿಸಿದರು. ಲೇಟಿಗೆ ಕಾರಣಗಳ ಒಂದು ಪಟ್ಟಿ ಇತ್ತು: ಕಾಯಿಲೆ, ಆಫೀಸಿನ ಕೆಲಸ, ಕರೆಂಟು ಹೋದದ್ದು, ಹೀಗೆ. ಎಂಬತ್ತರಿಂದ ಆಚೆಯ ನಂಬರುಗಳು ಖಾಲಿ. ಅವು ಗಿರಾಕಿಗಳಿಗೆ ಬಿಟ್ಟ ಗೂಡು. ಅಲ್ಲಿ ಹೊಸ ಕಾರಣ ಸೇರಿಸಿ, ಅದಕ್ಕೆ ಲೇಟು ಮಾಫಿ ಎಂದು ಗುರುತು ಹಾಕಿದರೆ ಸಾಕು. ಆದರೆ ಸೇರಿಸಬೇಕಾದರೆ ಪರ್ಸನೆಲ್ ಆಫೀಸರ್ ಸಹಿ ಬೇಕು. ಆ ಸಹಿ ಕೇಳುವುದಕ್ಕೆ ಮುತ್ತರಾಯಪ್ಪನಿಗೆ ಮೈ ಉರಿದು, ಒಂದು ತಿಂಗಳು ಹಾಗೇ ಕಳೆದುಬಿಟ್ಟಿದ್ದ. ಇವತ್ತು ಅಕ್ಕನ ಹೆಸರು ಅಚ್ಚಾಗಿ ಕಣ್ಣಿಗೆ ಹೊಡೆದಿತ್ತು.

"ಹೊಟ್ಟೆಗೆ ಕೈ ಹಾಕಲ್ಲ ಸಾರ್," ಅಂದ. "ಎಂಬತ್ತೊಂದನೇ ಕಾರಣ, ಬಸ್ ಲೇಟು. ನೀವು ಸಹಿ ಹಾಕಿ."

"ಬಸ್ ಲೇಟು ಅಂತ ಹೇಳೋರು ಯಾರು?"

"ಪಾಪಯ್ಯಮಾವ."

"ಅವನಿಗೆ ಅಕ್ಷರ ಬರ್ತದೇನ್ಲಾ?"

"ಬಸ್ ಬಂತೋ ಇಲ್ವೋ ನೋಡೋಕೆ ಅಕ್ಷರ ಯಾಕ್ ಸಾರ್? ಸಹಿ ಹಾಕಿ, ಇಲ್ಲಾಂದ್ರೆ ನಾನು ಇಲ್ಲೇ ನಿಂತ್ಕತೀನಿ."

ನಿಂತೇಬಿಟ್ಟ. ಅಶ್ವತ್ಥಪ್ಪ ಫೈಲು ನೋಡಿದರು, ಕಾಫಿ ಕುಡಿದರು, ಫೋನಿನಲ್ಲಿ ಮಾತಾಡಿದರು. ಬಾಗಿಲಿನಿಂದ ಅವನ ನೆರಳು ಸರಿಯಲಿಲ್ಲ. ಕೊನೆಗೆ ಪೆನ್ನು ತೆಗೆದರು. "ನಿನ್ ಹಟಕ್ಕಲ್ಲ ಕಣ್ಲಾ. ಬಸ್ಸಿನೋರ್ನೆಲ್ಲಾ ಕಳಿಸ್ಬುಟ್ರೆ ಪರೀಕ್ಷೆ ಬೆಂಚಲ್ಲಿ ಯಾರ್ ಕೂರ್ತಾರೆ ಅಂತ ಫೋರ್‌ಮನ್ ನನ್ ತಲೆ ತಿಂತಾವ್ನೆ. ಶನಿವಾರ ಬೆಳಿಗ್ಗೆಯೊಳಗೆ ಸರಿಯಾದ ಕಾಗದ ಬರಬೇಕು. ಬರ್ಲಿಲ್ಲ ಅಂದ್ರೆ ಈ ಕಾಗದಾನೇ ಹೋಗ್ತದೆ."

ಮುತ್ತರಾಯಪ್ಪ ಎಂಬತ್ತೊಂದನೇ ಗೂಡು ತುಂಬಿದ. ಗೋಣಿಚೀಲದಲ್ಲಿ ಕಟ್ಟಿಟ್ಟಿದ್ದ ಹಳೆಯ ಕಾರ್ಡುಗಳನ್ನು ಸುರಿದುಕೊಂಡು, ನೀಲಿ ಗೀಟು ಕಂಡ ಕಡೆಯಲ್ಲೆಲ್ಲ ಆ ದಿನಕ್ಕೆ, ಆ ಕಾರ್ಡಿನ ನಂಬರಿಗೆ ಎಂಬತ್ತೊಂದು ಹೊಡೆದ. ತಿದ್ದುಪಡಿಗೆಂದು ಇದ್ದ ಪರದೆಯಲ್ಲೇ ಹೊಡೆದ, ಅಡ್ಡದಾರಿ ಹಿಡಿಯಲಿಲ್ಲ. ಬೆರಳು ಸೋತರೆ ಒದರಿಕೊಂಡು ಮತ್ತೆ ಹೊಡೆದ. ಗುರುವಾರ ಮಧ್ಯಾಹ್ನದ ಊಟಕ್ಕೆ ಮುಂಚೆ ಪ್ರಿಂಟು ಕೊಟ್ಟ.

ಬಸ್ಸಿನ ಹೆಂಗಸರಲ್ಲಿ ಅಕ್ಕಯಮ್ಮ ಎಂಬ ಒಬ್ಬಳಿಗೆ ಎಲ್ಲಾ ಲೇಟೂ ಮಾಫಿ. ಇನ್ನೊಂದಿಬ್ಬರಿಗೆ ಎಲ್ಲೋ ಒಂದೊಂದು. ಕನಕಮ್ಮನೂ ಸೇರಿ ಉಳಿದವರಿಗೆಲ್ಲ ಮೊದಲಿದ್ದಷ್ಟೇ ಲೇಟು.

ಊಟದ ಹೊತ್ತಿಗೆ ಅದು ಹೇಗೋ ಹೆಂಗಸರಿಗೆ ತಿಳಿದುಹೋಗಿತ್ತು. "ಏನಮ್ಮಿ ಅಕ್ಕಯಮ್ಮ, ಕಂಪ್ಯೂಟರ್‌ಗೆ ನೀನಂದ್ರೆ ಆಸೆ ಅಂತಲ್ಲ!" ಎಂದು ಯಾರೋ ರೇಗಿಸಿದರು. ಅಕ್ಕಯಮ್ಮ, "ನಿಮ್ ಬಾಯಿಗ್ ಮಣ್ಣಾಕ, ನಾನೇನ್ ಅದನ್ನ ಕಣ್ಣಲ್ ಕಂಡಿದೀನಾ?" ಎಂದು ಬುತ್ತಿ ಮುಚ್ಚಿಕೊಂಡಳು. ಕನಕಮ್ಮ ನಗಲಿಲ್ಲ. ತಮ್ಮನನ್ನು ಪಕ್ಕಕ್ಕೆ ಕರೆದಳು.

"ಆಗಲ್ಲ ಅಂದ್ರೆ ಬುಟ್ಬುಡ್ಲಾ ಮುತ್ತಾ. ನಿನ್ ಕೆಲಸಕ್ಕೆ ಕುತ್ತು ತಂದ್ಕಬೇಡ."

"ಬುಡಾಕಾಗಲ್ಲ ಕಣಕ್ಕ. ಮದರಾಸಿನೋರ್ ಪ್ರೋಗ್ರಾಮೇ ಹಾಳಾಗೈತೆ. ನಾನ್ ನೋಡ್ಕತೀನಿ."

ರೂಮಿಗೆ ವಾಪಸು ಬಂದು ಮತ್ತೆ ಆ ಪ್ರೋಗ್ರಾಮನ್ನೇ ತೆರೆದ. ಅಕ್ಕನ ನಂಬರು ಬಂದರೆ ಲೇಟು ಬೇಡ ಎಂದು ಒಂದು ಸಾಲು ಸೇರಿಸಿದರೆ ಮುಗಿಯಿತು. ಒಂದೇ ಸಾಲು. ಗಾಜಿನ ಆಚೆ ಮೆಷಿನ್ ಶಾಪಿನ ಯಾರೋ ಹಾದುಹೋದರು. ಅವರು ಮೂಗು ಒತ್ತಿ ನಿಂತಿದ್ದ ಕಲೆ ಇನ್ನೂ ಗಾಜಿನ ಮೇಲಿತ್ತು. ಮುತ್ತರಾಯಪ್ಪ ಪರದೆ ಮುಚ್ಚಿ ಮದರಾಸಿಗೆ ಟ್ರಂಕ್ ಕಾಲ್ ಬುಕ್ ಮಾಡಿದ. ಲೈನು ಸಿಕ್ಕಿದ್ದು ಸಂಜೆಯ ಹೊತ್ತಿಗೆ.

"ನಿಮ್ಮ ಗೂಡು ತೂತು ಬಿದ್ದೈತೆ ಸಾರ್!" ಎಂದು ಕೂಗಿದ, ಅರ್ಧ ತಮಿಳು, ಅರ್ಧ ಕನ್ನಡ. "ಒಬ್ಬಳಿಗೆ ಮಾಫಿ ಮಾಡ್ತದೆ, ಮಿಕ್ಕೋರ್ಗೆ ಮಾಡಲ್ಲ!"

"ಕೂಗಬೇಡ ತಂಬಿ, ಕೇಳಿಸುತ್ತೆ. ಒಬ್ಬಳಿಗೆ ಸರಿಯಾಗಿದೆ ಅಂದರೆ ಗೂಡು ಕೆಲಸ ಮಾಡ್ತಿದೆ. ಸರಿ ಬಂದವಳ ಕಾರ್ಡು, ತಪ್ಪು ಬಂದವಳ ಕಾರ್ಡು, ಒಂದೇ ದಿನದ್ದು ತಗೊಂಡು ಪಕ್ಕಪಕ್ಕ ಇಟ್ಟು ನೋಡು. ಏನು ಬೇರೆ ಇದೆ ಅಂತ ಗೊತ್ತಾಗೋವರೆಗೂ ಏನನ್ನೂ ಮುಟ್ಟಬೇಡ. ಗೊತ್ತಾದ ಮೇಲೆ ಮತ್ತೆ ಫೋನ್ ಮಾಡು."

ಬೈದುಕೊಂಡೇ ಎರಡು ಕಾರ್ಡು ತೆಗೆದ. ಅಕ್ಕಯಮ್ಮನದು, ಅಕ್ಕನದು. ದಿನ ಒಂದೇ. ಗಡಿಯಾರ ಒತ್ತಿದ ಹೊತ್ತೂ ಹೆಚ್ಚುಕಡಿಮೆ ಒಂದೇ, ಒಬ್ಬಳ ಹಿಂದೆ ಒಬ್ಬಳು ಇಳಿದವರು. ಅಕ್ಕಯಮ್ಮನ ಕಾರ್ಡಿನ ಮೇಲೆ ನೀಲಿ ಗೀಟು ಇತ್ತು. ಅಕ್ಕನದರ ಮೇಲೆ ಇರಲಿಲ್ಲ. ಇನ್ನೊಂದು ದಿನ ನೋಡಿದ, ಹಾಗೇ. ಮತ್ತೊಂದು ದಿನ, ಹಾಗೇ. ಗೇಟಿಗೆ ಓಡಿದ.

ಪಾಪಯ್ಯ ಸ್ಟೂಲಿನ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ.

"ಮಾವ, ಅಕ್ಕಯಮ್ಮಂಗೊಬ್ಳಿಗೇ ಗೀಟು ಎಳೆದಿದೀಯಲ್ಲ, ಮಿಕ್ಕೋರೇನ್ ನಿಂಗೆ ಕಣ್ಣಿಗ್ ಕಾಣಲ್ವಾ?"

ಪಾಪಯ್ಯ ಸುಣ್ಣ ಹಚ್ಚುತ್ತಿದ್ದ ಬೆರಳನ್ನು ಹಾಗೇ ಹಿಡಿದು ಅವನನ್ನು ನೋಡಿದ. ಆಮೇಲೆ ಗೋಡೆಗೆ ಹೊಡೆದ ಕಾರ್ಡಿನ ಗೂಡುಗಳ ಕಡೆ ಗದ್ದ ಎತ್ತಿದ. "ಆ ಸಾಲು ಯಾವ್ದು?"

"ಉದ್ದನಪಲ್ಲಿ ಬಸ್ಸಿನೋರ್ದು."

"ಮೇಲಿನ ಕಾರ್ಡು?"

ಮುತ್ತರಾಯಪ್ಪ ನೋಡಿದ. ಅಕ್ಕಯಮ್ಮನದು.

"ಬಸ್ ಲೇಟು ಅಂದ್ರೆ ಎಲ್ರಿಗೂ ಲೇಟು ಕಣ್ಲಾ. ಒಬ್ಬೊಬ್ರಿಗೂ ಬೇರೆ ಬೇರೆ ಬಸ್ ಐತಾ? ಮೇಲಿನ ಕಾರ್ಡ್‌ಗೆ ಒಂದ್ ಗೀಟು ಹಾಕಿದ್ರೆ ಸಾಲಿಗೆಲ್ಲಾ ಆಯ್ತು. ಅವ್ಳು ರಜಾ ಹಾಕಿದ್ ದಿನ ಅವಳ ಕೆಳಗ್ಲೋರ್ಗೆ ಹಾಕ್ತೀನಿ. ಗುಮಾಸ್ತರಿಗೆಲ್ಲಾ ಗೊತ್ತಿತ್ತು. ನೀನು ಚೀಲದಾಗೆ ಸುರ್ಕೊಂಡ್ ಹೋದ್ರೆ ಸಾಲು ಎಲ್ ಉಳೀತದೆ?"

ಮುತ್ತರಾಯಪ್ಪನಿಗೆ ಬೈಗುಳ ಬಾಯಿಗೆ ಬಂತು. ಯಾರನ್ನು ಬಯ್ಯುವುದು? ಕಂಪ್ಯೂಟರ್ ಹೇಳಿದಷ್ಟನ್ನು ಮಾಡಿತ್ತು. ಪಾಪಯ್ಯ ಯಾವಾಗಲೂ ಮಾಡುವುದನ್ನೇ ಮಾಡಿದ್ದ. ನಡುವೆ ಸಾಲನ್ನು ಕಳೆದವನು ತಾನು.

"ಒಂದ್ ಮಾತ್ ಕೇಳ್ಬಾರ್ದಿತ್ತಾ?" ಎಂದು ಪಾಪಯ್ಯ ಎಲೆ ಮಡಿಸಿ ಬಾಯಿಗಿಟ್ಟ. "ಉರ್ಕಂಡ್ ಉರ್ಕಂಡ್ ಓಡಾಡ್ತೀಯ."

ಶುಕ್ರವಾರ ಬೆಳಿಗ್ಗೆ ಮತ್ತೆ ಮದರಾಸು. ಈ ಸಲ ಮುತ್ತರಾಯಪ್ಪ ಕೂಗಲಿಲ್ಲ. "ಸಾರ್, ಗೀಟು ಆಳಿಗಲ್ಲ, ಸಾಲಿಗೆ. ಸಾಲಿಗೆ ಅಂತ ಗೂಡು ಇದೆಯಾ? ಇಲ್ಲ ಅಂದ್ರೆ ಒಬ್ಬೊಬ್ಬರಿಗೂ ನಾನೇ ಹೊಡೀತೀನಿ, ಆದ್ರೆ ದಿನಾ ಇದೇ ಗೋಳು."

ಅತ್ತ ಕಡೆ ಇಳಂಗೋವನ್ ಪುಟ ತಿರುವುವ ಸದ್ದು ಕೇಳಿಸಿತು. "ಇದೆ. ಪ್ರತಿ ಆಳಿನ ದಾಖಲೆಯಲ್ಲಿ ಗುಂಪು ಅಂತ ಒಂದು ಕಾಲಂ ಇದೆ, ನೋಡಿದ್ದೀಯಾ? ನೀವು ಅದನ್ನು ಯಾವತ್ತೂ ತುಂಬಿಲ್ಲ. ಬಸ್ಸಿನವರಿಗೆಲ್ಲ ಒಂದೇ ಗುಂಪಿನ ನಂಬರು ಹಾಕು. ಆಮೇಲೆ ಕಾರಣ ಹೊಡೆಯುವಾಗ ಆಳಿನ ನಂಬರಿನ ಜಾಗದಲ್ಲಿ ಗುಂಪಿನ ನಂಬರು ಕೊಡು. ಕೆಳಗೆ, ಎಷ್ಟು ಹೊತ್ತಿನ ಒಳಗೆ ಬಂದವರಿಗೆ ಅಂತ ಕೇಳುತ್ತೆ. ಬಸ್ಸು ಬಂದ ಹೊತ್ತು ಹಾಕು. ಬಸ್ಸು ತಪ್ಪಿಸಿಕೊಂಡು ಆಮೇಲೆ ಬಂದವರಿಗೆ ಮಾಫಿ ಸಿಗೋದಿಲ್ಲ."

"ಸಿಗಬಾರ್ದು ಸಾರ್," ಅಂದ ಮುತ್ತರಾಯಪ್ಪ.

ಗೋಡೆಯ ಗೂಡುಗಳನ್ನು ನೋಡಿಕೊಂಡು ಬಸ್ಸಿನ ಸಾಲಿನ ಒಬ್ಬೊಬ್ಬರ ದಾಖಲೆಗೂ ಗುಂಪು ಹಾಕಿದ. ಮೊದಲು ಒಂದೇ ದಿನದ್ದು ಹೊಡೆದು ಪ್ರಿಂಟು ತೆಗೆದ. ಸಾಲಿಗೆ ಸಾಲೇ ಮಾಫಿ ಬಂತು. ಮೆಷಿನ್ ಶಾಪಿನ ಓಟಿ ತೆಗೆದು ನೋಡಿದ, ಕೂದಲೆಳೆಯಷ್ಟೂ ಕದಲಿರಲಿಲ್ಲ. ಆಮೇಲೆ ಉಳಿದ ದಿನಗಳಿಗೆ ಕೈ ಹಾಕಿದ.

ಒಂದು ದಿನದ ಹತ್ತಿರ ಕೈ ನಿಂತಿತು. ಅವತ್ತು ಅಕ್ಕಯಮ್ಮನ ಕಾರ್ಡಿಗೆ ಗೀಟು ಇತ್ತು. ಆದರೆ ಕನಕಮ್ಮ ಬಸ್ಸು ತಪ್ಪಿಸಿಕೊಂಡು, ಹಾಲಿನ ವ್ಯಾನಿನಲ್ಲಿ ಎಷ್ಟೋ ಹೊತ್ತಿನ ಮೇಲೆ ಬಂದಿದ್ದಳು. ಬಸ್ಸು ಬಂದ ಹೊತ್ತಿನ ಜಾಗದಲ್ಲಿ ಇನ್ನಷ್ಟು ತಡವಾದ ಹೊತ್ತು ಹಾಕಿದರೆ ಅಕ್ಕನೂ ಒಳಗೆ ಬರುತ್ತಾಳೆ. ಯಾರೂ ನೋಡುವುದಿಲ್ಲ. ಅವನು ಕೀಗಳ ಮೇಲಿಂದ ಕೈ ತೆಗೆದು ತೊಡೆಗೆ ಒರೆಸಿಕೊಂಡ. ಇಷ್ಟು ದಿನ ಬಾಗಿಲಲ್ಲಿ ನಿಂತು ಜಗಳ ಆಡಿದ್ದು ಬಸ್ಸಿನ ಲೇಟಿಗೆ. ಇದು ಬಸ್ಸಿನದಲ್ಲ. ಬಸ್ಸು ಬಂದ ಹೊತ್ತನ್ನೇ ಹೊಡೆದ.

ಶನಿವಾರ ಬೆಳಿಗ್ಗೆ ಬಾಗಿಲು ತಟ್ಟಿ, ಒಳಗೆ ಹೋಗಿ ಕಾಗದವನ್ನು ಅಶ್ವತ್ಥಪ್ಪನವರ ಮುಂದೆ ಹಾಸಿದ. ಅವರು ಬೆರಳಿಟ್ಟು ಕೆಳಗಿಳಿದರು. ಕನಕಮ್ಮನ ಹೆಸರಿನ ಹತ್ತಿರ ನಿಂತರು.

"ನಿಮ್ಮಕ್ಕಂದು ಒಂದು ಲೇಟು ಹಂಗೇ ಐತಲ್ಲೋ."

"ಅದು ಅವಳದೇ ಸಾರ್. ಬಸ್ಸಿಂದಲ್ಲ."

ಅಶ್ವತ್ಥಪ್ಪ ಹಳೆಯ ಕಾಗದವನ್ನು ಎರಡಾಗಿ ಹರಿದು ಬುಟ್ಟಿಗೆ ಹಾಕಿ, ಹೊಸದರ ಕೆಳಗೆ ಸಹಿ ಮಾಡಿದರು. ಒಂದು ಲೇಟಿಗೆಲ್ಲ ಯಾರ ಕಾಯಂ ಕೆಲಸವೂ ತಪ್ಪುವುದಿಲ್ಲ ಎಂದು ಹೇಳುವ ಅಗತ್ಯ ಇಬ್ಬರಿಗೂ ಇರಲಿಲ್ಲ.

ಮಧ್ಯಾಹ್ನ ನೋಟೀಸ್ ಬೋರ್ಡಿನ ಮುಂದೆ ಗಲಾಟೆಯೋ ಗಲಾಟೆ. ಕನಕಮ್ಮ ಹೆಸರನ್ನು ಎರಡು ಸಲ ಓದಿದಳು. ಸೆರಗಿನಿಂದ ಮುಖ ಒರೆಸಿಕೊಂಡು ಬಂದು ತಮ್ಮನ ಬೆನ್ನಿಗೆ ಒಂದು ಗುದ್ದು ಕೊಟ್ಟಳು.

"ಎಲ್ರಿಗೂ ಒರೆಸ್ದೋನು ನಂದೊಂದು ಯಾಕ್ಲಾ ಬುಟ್ಟೆ? ಒಡಹುಟ್ಟಿದೋನಾ ನೀನು?"

"ಅವತ್ತು ಕನ್ನಡಿ ಮುಂದೆ ನಿಂತ್ಕಂಡು ಬಸ್ ಬುಟ್ಟೋಳು ಯಾರು?"

"ಹೇಳ್ತಾನೆ ನೋಡು!" ಎಂದಳು. ಆದರೆ ನಗುತ್ತಿದ್ದಳು. "ಹೋಗ್ಲಿ ಬುಡು. ಒಂದಿರ್ಲಿ. ಇನ್ ರಾಯಕೋಟೆ ಬಾಗಿಲು ಯಾವನು ತಟ್ತಾನೆ."

ಸೋಮವಾರ ಬಸ್ಸು ಮತ್ತೆ ಲೇಟು. ಬುಟ್ಟಿ ಬಿಗಿದ ಹಗ್ಗ ದಾರಿಯಲ್ಲಿ ಬಿಚ್ಚಿಹೋಗಿತ್ತಂತೆ. ಹೆಂಗಸರು ಗೇಟಿನಲ್ಲಿ ಓಡೋಡಿ ಬಂದು ಕಾರ್ಡು ಒತ್ತಿದರು. ಪಾಪಯ್ಯ ಅವಸರವಿಲ್ಲದೆ ಮೇಲಿನ ಕಾರ್ಡು ಎಳೆದು, ಒಂದು ನೀಲಿ ಗೀಟು ಹಾಕಿ, ಹಾಗೇ ಕಂಪ್ಯೂಟರ್ ರೂಮಿನ ಗಾಜಿನ ಕಡೆ ತಿರುಗಿ ಒಂದು ಬೆರಳು ಎತ್ತಿ ತೋರಿಸಿದ. ರೂಮಿನೊಳಗೆ ಮುತ್ತರಾಯಪ್ಪ ಗುಂಪಿನ ನಂಬರು ಕೊಟ್ಟು, ಎಂಬತ್ತೊಂದು ಎಂದು ಒಂದೇ ಸಲ ಹೊಡೆದ.